ಕಾಲುವೆ ದಂಡೆಯ ಹೊಟ್ಟೆಕಿಚ್ಚು

ಕಾಯಿಲೆ ಬಿದ್ದವರು ಮೆತ್ತಗಾಗುತ್ತಾರೆ, ಒಳ್ಳೆಯವರಾಗುತ್ತಾರೆ, ದೇವರು ದಿಂಡರು ಎನ್ನತೊಡಗುತ್ತಾರೆ ಎಂದು ಕೇಳಿದ್ದೆ. ನನಗೆ ಹಾಗೇನೂ ಆಗಲಿಲ್ಲ. ಬೆನ್ನುಮೂಳೆಗೆ ಟಿಬಿ ಬಂದು ಹಲಗೆಯ ಮೇಲೆ ಮಲಗಿದ ತಿಂಗಳುಗಳಲ್ಲಿ ನನ್ನೊಳಗೆ ಜ್ವರಕ್ಕಿಂತ ಹೆಚ್ಚಾಗಿ ಇದ್ದದ್ದು ಹೊಟ್ಟೆಕಿಚ್ಚು. ನಡೆಯುವವರನ್ನು ಕಂಡರೆ ಹೊಟ್ಟೆಕಿಚ್ಚು, ಬಗ್ಗಿ ಚಪ್ಪಲಿ ಹಾಕಿಕೊಳ್ಳುವವರನ್ನು ಕಂಡರೆ ಹೊಟ್ಟೆಕಿಚ್ಚು, ಕೊನೆಗೆ ಕಟ್ಟಿಕೊಂಡ ಹೆಂಡತಿಯ ಮೇಲೆಯೇ ಹೊಟ್ಟೆಕಿಚ್ಚು. ಬರೆಯಲು ನಾಚಿಕೆಯಿದೆ. ಆದರೂ ಬರೆಯುತ್ತಿದ್ದೇನೆ. ಎಲ್ಲಿಯೋ ಒಬ್ಬರು ಈಗ ಹಾಗೆಯೇ ಮಲಗಿಕೊಂಡು, ಬಾಗಿಲಾಚೆ ಹಾದುಹೋಗುವ ಗಟ್ಟಿಮುಟ್ಟಾದವರನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತಿರಬಹುದು. ಲೋಕದಲ್ಲಿ ತಾವೊಬ್ಬರೇ ಇಷ್ಟು ಕೆಟ್ಟವರು ಎಂದು ಅವರಿಗೆ ಅನ್ನಿಸಬಾರದು.

ನಾನು ಕಾಲುವೆಯ ಮೇಲೆ ಗೇಜ್ ಓದುವ ಕೆಲಸದವನು. ನಾರಾಯಣಪುರದಿಂದ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಕಡೆಯ ಎಷ್ಟೋ ಜನರಿಗೆ ಸಿಕ್ಕಂತೆ ನನಗೂ ಒಂದು ಸಣ್ಣ ನೌಕರಿ ಸಿಕ್ಕಿತ್ತು. ಬೆಳಿಗ್ಗೆ ಸೈಕಲ್ ಹತ್ತಿ ಉಪಕಾಲುವೆಯ ದಂಡೆಗುಂಟ ಹೋಗಬೇಕು. ಒಂದೊಂದು ತೂಬಿನ ಹತ್ತಿರ ಇಳಿದು, ಗೋಡೆಯ ಮೇಲೆ ಬಳಿದ ಗೀಟುಗಳಲ್ಲಿ ನೀರು ಎಲ್ಲಿಗೆ ನಿಂತಿದೆ ಎಂದು ನೋಡಿ ಬರೆದುಕೊಳ್ಳಬೇಕು. ಅದನ್ನು ಕಚೇರಿಗೆ ತಿಳಿಸಬೇಕು. ನಮ್ಮೂರು ಹುಣಸಗಿಗೂ ಕೊಡೇಕಲ್ಲಿಗೂ ನಡುವೆ ಇದೆ, ಆಗಿನ್ನೂ ಸುರಪುರ ತಾಲ್ಲೂಕು. ಅತ್ತ ನೋಡಿದರೆ ಎರೆಹೊಲ, ಇತ್ತ ನೋಡಿದರೆ ನೀರು ಬಂದ ಮೇಲೆ ಹಸಿರಾದ ಗದ್ದೆ, ನಡುವೆ ಎತ್ತರದ ದಂಡೆ. ಆ ದಂಡೆಯ ಮೇಲೆ ಬಸ್ಸಿಲ್ಲ, ಲಾರಿಯಿಲ್ಲ, ಹಾರ್ನ್ ಇಲ್ಲ. ಹನ್ನೆರಡು ವರ್ಷ ಅದನ್ನು ತುಳಿದು ತುಳಿದು ಅದು ನನ್ನ ಅಪ್ಪನ ಆಸ್ತಿಯೇನೋ ಎಂಬಷ್ಟು ಸಲಿಗೆ ಬೆಳೆದಿತ್ತು.

ಕೆಲಸದ ದಾರಿ ಸಾಲದೆಂದು ಭಾನುವಾರವೂ ಹೊರಡುತ್ತಿದ್ದೆ. ರಾಜನಕೋಳೂರಿನ ಹಳೆಯ ಕಲ್ಲುಮನೆಗಳ ಹತ್ತಿರ ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದೆ. ಒಮ್ಮೊಮ್ಮೆ ವಾಗಣಗೇರಿಯ ಕೋಟೆಯವರೆಗೂ ಹೋಗಿ ಒಡೆದ ಗೋಡೆಯ ನೆರಳಿನಲ್ಲಿ ಮಲಗಿ ಬರುತ್ತಿದ್ದೆ. ದೇವಾಪುರದ ಕಡೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಯಾವ ಬಂಡಿದಾರಿ ಹಿಡಿದರೆ ಒಂದು ಟ್ರ್ಯಾಕ್ಟರೂ ಎದುರಾಗದೆ ಊರು ಮುಟ್ಟಬಹುದು ಎಂದು ನನ್ನನ್ನು ಕೇಳಬೇಕಿತ್ತು. ಜನ ಕೇಳುತ್ತಲೂ ಇದ್ದರು. "ಭೀಮರಾಯಗ ಕೇಳ್ರಿ, ಅಂವಗ ಇಲಿ ದಾರಿನೂ ಗೊತ್ತು" ಎನ್ನುತ್ತಿದ್ದರು. ಆ ಮಾತಿಗೆ ನಾನು ಉಬ್ಬುತ್ತಿದ್ದೆ.

ದಂಡೆಯ ದಾರಿಗೆ ಒಂದು ಲೆಕ್ಕವಿದೆ, ಅದನ್ನಿಲ್ಲಿ ಹೇಳಲೇಬೇಕು. ಕಾಲುವೆಯಲ್ಲಿ ನೀರು ದಿನವೂ ಇರುವುದಿಲ್ಲ. ಕೆಲವು ದಿನ ಬಿಡುತ್ತಾರೆ, ಕೆಲವು ದಿನ ಬಂದ್ ಮಾಡುತ್ತಾರೆ. ಇದಕ್ಕೆ ವಾರಾಬಂದಿ ಎನ್ನುತ್ತೇವೆ. ನೀರು ಬಿಟ್ಟ ಮೊದಲ ಎರಡು ದಿನ ಎಲ್ಲರಿಗೂ ಅವಸರ. ಹೊಲದವರು ಅಡ್ಡ ಕಟ್ಟಿ, ಪೈಪು ಹಾಕಿ ಎಳೆಯುತ್ತಾರೆ. ಆಗ ಐದನೆಯ ತೂಬಿನ ತಗ್ಗಿನಲ್ಲಿ ನೀರು ದಂಡೆಯ ಮೇಲೆಯೇ ಹರಿಯುತ್ತದೆ. ಹಸಿಯಾದ ಎರೆಮಣ್ಣು ಚಕ್ರಕ್ಕೆ ಮೆತ್ತಿ, ಮಡಗಾರ್ಡಿನೊಳಗೆ ತುಂಬಿತೆಂದರೆ ಸೈಕಲ್ ನಮ್ಮನ್ನು ಹೊರುವುದು ಬಿಟ್ಟು ನಾವು ಸೈಕಲ್ ಹೊರಬೇಕಾಗುತ್ತದೆ. ಕಾಲು ಜಾರಿದರೆ ಒಂದು ಕಡೆ ಗದ್ದೆ, ಇನ್ನೊಂದು ಕಡೆ ತುಂಬಿದ ಕಾಲುವೆ. ಯಾವ ದಿನ ಆ ದಾರಿ ಒಣಗಿರುತ್ತದೆ, ಯಾವ ದಿನ ಹೋಗಬಾರದು ಎಂದು ಬೆರಳು ಮಡಚಿ ಹೇಳುವವನು ನಾನು.

ನನ್ನ ಹೆಂಡತಿ ಮಹಾನಂದಾ ನಾಲ್ಕನೆಯ ತೂಬಿನ ಹತ್ತಿರದ ದೊಡ್ಡಿಯಲ್ಲಿ, ಅಂದರೆ ಹತ್ತಿಪ್ಪತ್ತು ಮನೆಗಳ ಸಣ್ಣ ಹಳ್ಳಿಯಲ್ಲಿ, ಅಂಗನವಾಡಿ ಟೀಚರು. ದಿನಾ ಅವಳನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಿ ಬಿಡುತ್ತಿದ್ದೆ. ಅವಳು ಒಂದು ಕಡೆ ಕಾಲು ಇಳಿಬಿಟ್ಟು ಕುಳಿತು, ಮನೆಯ ಸುದ್ದಿಯೆಲ್ಲ ನನ್ನ ಬೆನ್ನಿಗೆ ಹೇಳುತ್ತ ಬರುತ್ತಿದ್ದಳು. ನಾನು ಅರ್ಧ ಕೇಳುತ್ತಿದ್ದೆ, ಅರ್ಧ ಗಾಳಿಗೆ ಬಿಡುತ್ತಿದ್ದೆ.

ಆ ಬೆನ್ನೇ ಒಂದು ಕಾರ್ತೀಕದಲ್ಲಿ ಕೈಕೊಟ್ಟಿತು. ಮೊದಲು ನಡುವಿನಲ್ಲಿ ಸಣ್ಣ ನೋವು. ಸೀಟಿನದು ಇರಬೇಕೆಂದು ಸೀಟು ಬದಲಿಸಿದೆ. ಆಮೇಲೆ ಸಂಜೆಯಾದರೆ ಮೈ ಬಿಸಿ, ಅನ್ನ ಸೇರದು, ಅಂಗಿ ಸಡಿಲ. ನಮ್ಮವ್ವ ವಾಯು ಎಂದಳು, ಎಣ್ಣೆ ಕಾಸಿ ತಿಕ್ಕಿಸಿದಳು. ತಿಕ್ಕಿದವಳ ಕೈ ಬಲವಾಗಿತ್ತು, ನಾನು ಕೂಗಿದ್ದು ಊರಬಾಗಿಲಿನ ಅಗಸಿಯವರೆಗೆ ಕೇಳಿತಂತೆ. ಒಂದು ದಿನ ಮೂರನೆಯ ತೂಬಿನ ಹತ್ತಿರ ಸೈಕಲ್ಲಿನಿಂದ ಇಳಿಯಲು ಹೋದರೆ ಬಲಗಾಲು ಮೇಲೇಳಲೇ ಇಲ್ಲ. ಸೈಕಲ್ ಸಮೇತ ಹಾಗೇ ಮಗ್ಗುಲಾಗಿ ಬಿದ್ದೆ. ಎಬ್ಬಿಸಿ ಮನೆಗೆ ತಂದವನು ಮೈಬೂಬ. ಅದೇ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿದ್ದವನು, ನನಗಿಂತ ಎಂಟು ಹತ್ತು ವರ್ಷಕ್ಕೆ ಚಿಕ್ಕವನು, ನನ್ನ ಜೊತೆ ಜಗಳವಾಡದೆ ಉಳಿದ ಒಬ್ಬನೇ ಗೆಳೆಯ.

ರಾಯಚೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುವ ಸ್ಥಿತಿಯಿರಲಿಲ್ಲ. ಮೈಬೂಬ ಒಂದು ಜೀಪು ಹಿಡಿದು, ಹಿಂದೆ ಗಾದಿ ಹಾಸಿ ನನ್ನನ್ನು ಮಲಗಿಸಿ ಯಾದಗಿರಿ ಸ್ಟೇಷನ್ನಿಗೆ ಕರೆದೊಯ್ದ. ಮಹಾನಂದಾ ನನ್ನ ತಲೆಯ ಹತ್ತಿರ ಕುಳಿತಿದ್ದಳು. ಶಹಾಪುರ ಬಂದಾಗ ಗುಡ್ಡ ಕಾಣಿಸಿತು, ಬುದ್ಧ ಮಲಗಿದಂತೆ ಕಾಣುವ ಅದೇ ಗುಡ್ಡ. ಎಷ್ಟೋ ಸಲ ಸೈಕಲ್ ನಿಲ್ಲಿಸಿ ಅದನ್ನು ನೋಡಿ ಸಂತೋಷಪಟ್ಟವನು ನಾನು. ಅವತ್ತು ಮಾತ್ರ, ಎಷ್ಟು ಆರಾಮಾಗಿ ಅಂಗಾತ ಮಲಗಿದ್ದಾನಲ್ಲ ಇವನು, ಇವನಿಗೆ ಬೆನ್ನು ನೋಯುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ನನ್ನ ಹೊಟ್ಟೆಕಿಚ್ಚಿನ ಕಥೆ ಶುರುವಾದದ್ದು ಅಲ್ಲಿಂದಲೇ.

ಪ್ಯಾಸೆಂಜರ್ ರೈಲು ಸೈದಾಪುರದಲ್ಲಿ ನಿಂತಿತು. ಒಬ್ಬ ಹಾಲಿನವನು ಕಿಟಕಿಯ ಸರಳಿಗೆ ತೂಗುಹಾಕಿದ್ದ ತನ್ನ ಸೈಕಲ್ಲನ್ನು ಒಂದೇ ಕೈಯಲ್ಲಿ ಇಳಿಸಿಕೊಂಡು, ಕ್ಯಾನುಗಳನ್ನು ಸಿಕ್ಕಿಸಿ, ಹಾರಿ ಕುಳಿತು ಹೋಗಿಯೇಬಿಟ್ಟ. ಹಳ್ಳಿಯ ಕಡೆಗೆ ಹೋಗುವ ಒಂದು ಕೆಂಪು ದಾರಿ ಅವನಿಗಾಗಿಯೇ ಕಾಯುತ್ತಿತ್ತು. ಆ ದಾರಿ ನನಗೆ ಗೊತ್ತಿರಲಿಲ್ಲ. ಅವನು ಮರೆಯಾಗುವವರೆಗೆ ನೋಡಿದೆ, ಅವನ ಟೈರು ಪಂಕ್ಚರ್ ಆಗಲೆಂದು ಬೇಡಿಕೊಂಡೆ.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಮೂರು ದಿನ ಕಳೆದೆವು. ಎಕ್ಸ್-ರೇ, ರಕ್ತ, ಬೆನ್ನಿಗೆ ಸೂಜಿ, ಪ್ರತಿಯೊಂದಕ್ಕೂ ಒಂದು ಸಾಲು. ನನಗೆ ಕೂರಲು ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ಮಾನ್ವಿ ಕಡೆಯ ಒಬ್ಬ ಹೆಂಗಸು ತನ್ನಿಬ್ಬರು ಮಕ್ಕಳನ್ನು ಬೆಂಚಿನಿಂದ ಎಬ್ಬಿಸಿ, "ಯಣ್ಣಾ, ಇಲ್ಲಿ ಅಡ್ಡಾಗು" ಎಂದು ಜಾಗ ಮಾಡಿಕೊಟ್ಟಳು. ಅವಳ ಹೆಸರನ್ನೂ ಕೇಳಲಿಲ್ಲ. ಆ ಬೆಂಚಿನ ಮೇಲೆ ಮಲಗಿಯೂ ನಾನು ಮಾಡಿದ್ದು ಬೇರೆಯವರನ್ನು ಅಳೆಯುವ ಕೆಲಸ. ಫೈಲು ಬಿದ್ದರೆ ಸರಕ್ಕನೆ ಬಗ್ಗಿ ಎತ್ತಿಕೊಳ್ಳುವ ಅಟೆಂಡರು, "ಏನಿಲ್ಲ, ಮುಲಾಮು ಹಚ್ಚಿಕೋ ಅಂದ್ರು" ಎಂದು ನಗುತ್ತ ಹೊರಬಂದ ಮುದುಕ. ಎಪ್ಪತ್ತು ವರ್ಷದ ಆ ಮುದುಕನಿಗೆ ಮುಲಾಮು, ನಲವತ್ತೂ ಆಗದ ನನಗೆ ಸೂಜಿ! ನ್ಯಾಯ ಎಲ್ಲಿದೆ ಎಂದು ಮಹಾನಂದಾಳನ್ನು ಕೇಳಿದೆ. "ಸುಮ್ನ ಮಲಗ್ರಿ, ಆ ಮುದುಕ ನಿಮ್ಮದೇನು ಕಸಗೊಂಡಾನ?" ಎಂದಳು.

ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ನನಗೆ ಏನೂ ತಿಳಿಯಲಿಲ್ಲ. ಟಿಬಿ ಎಂಬ ಮಾತಷ್ಟೇ ಕೇಳಿತು.

"ನಾನು ಕೆಮ್ಮಿಲ್ಲಲ್ರಿ" ಎಂದೆ.

"ಎಲುಬಿಗೂ ಬರ್ತದ್ರಿ. ಗುಳಿಗಿ ತಪ್ಪಿಸಬ್ಯಾಡ್ರಿ, ಒಂದೂವರಿ ವರ್ಷ. ಮೂರು ತಿಂಗಳು ಹಲಗಿ ಬಿಟ್ಟು ಏಳಂಗಿಲ್ಲ" ಎಂದರು.

"ಸೈಕಲ್ ಯಾವಾಗ ಹೊಡಿಬಹುದ್ರಿ?"

ಅವರು ಮಹಾನಂದಾಳ ಮುಖ ನೋಡಿದರು. "ಗುಳಿಗಿ ಬಿಟ್ರ ಕಾಲು ಬೀಳ್ತಾವ. ಮೊದಲು ಕಾಲು ಉಳಿಸ್ಕೋರಿ, ಆಮ್ಯಾಲ ಸೈಕಲ್" ಎಂದರು. ಹೊರಗೆ ಬಂದ ಮೇಲೆ ಮಹಾನಂದಾ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ನೋಡಲಿಲ್ಲವೆಂಬಂತೆ ಮಲಗಿದ್ದೆ.

ಮನೆಯಲ್ಲಿ ಪಡಸಾಲೆಯ ಬಾಗಿಲ ಪಕ್ಕ ಹಲಗೆ ಬಿತ್ತು. ಟಿಬಿ ಎಂಬ ಮಾತನ್ನು ಅವ್ವ ಹೊಸ್ತಿಲು ದಾಟಲು ಬಿಡಲಿಲ್ಲ. ಕೇಳಿದವರಿಗೆಲ್ಲ "ಎಲುಬು ಸವದಾವಂತ" ಎಂದಳು. ಆದರೆ ನನ್ನ ತಾಟು ಲೋಟ ಬೇರೆ ಇಟ್ಟಳು. ಮಹಾನಂದಾ ಅದನ್ನು ನೋಡಿ, ನಾನು ಕುಡಿದಿಟ್ಟ ಅದೇ ಲೋಟದಲ್ಲಿ ನೀರು ತುಂಬಿಕೊಂಡು ಅವ್ವನ ಎದುರಿಗೇ ಗಟಗಟ ಕುಡಿದಳು. ಮರುದಿನದಿಂದ ತಾಟುಗಳೆಲ್ಲ ಒಂದಾದವು. ಗುಳಿಗೆ ಶುರುವಾದ ದಿನ ಮೂತ್ರ ಕೆಂಪಾದದ್ದು ಕಂಡು ಅವ್ವ ಎದೆ ಬಡಿದುಕೊಂಡದ್ದು ಬೇರೆ ಮಾತು. ಅದು ಗುಳಿಗೆಯ ಬಣ್ಣವೆಂದು ಡಾಕ್ಟರು ಹೇಳಿದ್ದನ್ನು ನಾನು ಹೇಳಲು ಮರೆತಿದ್ದೆ.

ನೋಡಲು ಬಂದವರು ಬಾಳೆಹಣ್ಣು ತಂದರು, ಇದೇ ಕಾಯಿಲೆಯಲ್ಲಿ ಸತ್ತವರ ಸುದ್ದಿಯನ್ನೂ ತಂದರು. ಬಂದವರೆಲ್ಲ ಹೋಗುವಾಗ ಎದ್ದು ನಿಂತು ಹೋಗುತ್ತಿದ್ದರು. ಅದನ್ನೇ ನನ್ನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ. ನನ್ನ ಕೆಲಸಕ್ಕೆ ಮೈಬೂಬನನ್ನು ಹಾಕಿದರು. ಅವನು ಪಾಪ, ದಿನಾ ಸಂಜೆ ಬಂದು "ಭೀಮಣ್ಣ, ಇವತ್ತು ಮೂರನೇ ತೂಬಿನ್ಯಾಗ ಇಷ್ಟ ಇತ್ತು, ನಾಕನೇದ್ರಾಗ ಇಷ್ಟ" ಎಂದು ಒಪ್ಪಿಸುತ್ತಿದ್ದ. ನನ್ನ ಕಾಲುವೆಯ ನೀರನ್ನು ಇವನ ಬಾಯಿಂದ ಕೇಳಬೇಕಾಯಿತಲ್ಲ ಎಂದು ಸಂಕಟವಾಗುತ್ತಿತ್ತು. ಒಂದು ಸಂಜೆ ಅವನು ಬಂದಾಗ ನಾನು ಗೋಡೆಯ ಕಡೆ ಹೊರಳಿದೆ. ಮತ್ತೆ ಈ ಕಡೆ ಹೊರಳಲಿಲ್ಲ. ಮಾತು ಬಿಟ್ಟೆ. ಅವ್ವ ತುತ್ತು ತಂದರೆ ಎರಡು ತುತ್ತಿಗೆ ಬಾಯಿ ಮುಚ್ಚುತ್ತಿದ್ದೆ.

ಈ ನಡುವೆ ಮಹಾನಂದಾ ದೊಡ್ಡಿಗೆ ನಡೆದೇ ಹೋಗಿ ಬರುತ್ತಿದ್ದಳು. ಹೋಗಿ ಬಂದು, ನೀರು ತಂದು, ನನ್ನ ಮೈ ಒರೆಸಿ, ಮಗಳು ರೇಣುವಿನ ಜಡೆ ಹಾಕುವಷ್ಟರಲ್ಲಿ ಸೋತುಹೋಗುತ್ತಿದ್ದಳು. ಒಂದು ದಿನ ನನ್ನ ಬೆನ್ನ ಹಿಂದೆ ನಿಂತು ಕೇಳಿದಳು:

"ರೀ, ಸೈಕಲ್ ನಾನು ಹೊಡಿಲೇನು? ಹುಣಸಗ್ಯಾಗ ವೆಲ್ಡಿಂಗ್ ಮಾಡ್ತಾರಂತ. ನಡುಕಂಬಿ ಕೊಯ್ಸಿ ಕೆಳಗ ಇಳಿಸಿದ್ರ ಸೀರಿ ಉಟಗೊಂಡು ಹೊಡಿಬಹುದಂತ, ಮೈಬೂಬ ಹೇಳಿದ. ಮಾಡಿಸ್ಲೇನ್ರಿ?"

ಜ್ವರದ ಮಂಪರಿನಲ್ಲಿದ್ದೆ. ಯಾರು ಏನು ಕೇಳಿದರೂ ಹೋಗಲಿ ಎಂದು "ಹ್ಞೂಂ" ಎನ್ನುತ್ತಿದ್ದ ದಿನಗಳವು. "ಹ್ಞೂಂ" ಎಂದೆ.

ಎರಡು ದಿನ ಬಿಟ್ಟು ಅಂಗಳದಲ್ಲಿ ಸೈಕಲ್ಲಿನ ಸದ್ದು ಕೇಳಿ ಕತ್ತು ತಿರುಗಿಸಿದರೆ ನನ್ನ ಸೈಕಲ್ ನಿಂತಿತ್ತು, ನಡುಕಂಬಿ ಇರಲಿಲ್ಲ. ಕೊಯ್ದು, ಓರೆಯಾಗಿ ಕೆಳಗೆ ಬೆಸೆದಿದ್ದರು. ಬೆಸುಗೆಯ ಹತ್ತಿರ ಬಣ್ಣ ಸುಟ್ಟು ಕಪ್ಪಾಗಿತ್ತು. ಹನ್ನೆರಡು ವರ್ಷದ ಸೈಕಲ್! ಆ ಕಂಬಿಯ ಮೇಲೆ ರೇಣು ಕುಳಿತು ದೊಡ್ಡವಳಾಗಿದ್ದಳು. ನನ್ನ ಬೆನ್ನನ್ನೇ ಕೊಯ್ದಂತಾಯಿತು. ಬೈಯಲು ಬಾಯಿ ತೆರೆದೆ, ನಾನೇ ಹ್ಞೂಂ ಎಂದದ್ದು ನೆನಪಾಗಿ ಮುಚ್ಚಿದೆ.

ಊರಿಗೆಲ್ಲ ತಮಾಷೆಯಾಯಿತು. ಎರಡನೆಯ ತೂಬಿನವರೆಗೆ ಮಹಾನಂದಾ ಹ್ಯಾಂಡಲ್ ಹಿಡಿದು ಹೋಗುವುದು, ರೇಣು ಹಿಂದೆ ಕ್ಯಾರಿಯರ್ ಹಿಡಿದು ಓಡುವುದು. ಮೊಣಕೈ ಕೆತ್ತಿಕೊಂಡು, ಸೀರೆಯಂಚನ್ನು ಚೈನಿಗೆ ಕೊಟ್ಟು ಬರುತ್ತಿದ್ದಳು. "ಗಂಡ ಬಿದ್ದಾನಂತ ಹೆಂಡ್ತಿ ಹಾರಾಡಾಕತ್ಯಾಳ ಅಂತಾರ ಮಂದಿ" ಎಂದು ಅವ್ವ ಗೊಣಗಿದಳು. ಮಹಾನಂದಾ, "ಅನ್ನಲಿ ಬಿಡ್ರಿ ಅತ್ತಿ, ಅವರೇನು ನನ್ನ ಹೊತ್ತು ದೊಡ್ಡಿಗೆ ಬಿಡ್ತಾರೇನು?" ಎಂದಳು. ಹದಿನೈದು ದಿನಕ್ಕೆ ಅವಳ ಸೈಕಲ್ ನೆಟ್ಟಗೆ ಹೋಗತೊಡಗಿತು. ಅದು ಹಲಗೆಯ ಮೇಲಿಂದಲೇ ನನಗೆ ತಿಳಿಯಿತು. ಅಂಗಳದಿಂದ ಹೊರಡುವಾಗ ಚೈನಿನ ಸದ್ದು ಎಡವದೆ ಹರಿಯುತ್ತಿತ್ತು.

ಆಮೇಲೆ ಶುರುವಾಯಿತು ನನ್ನ ನಿಜವಾದ ಕಾಯಿಲೆ. ಅವಳು ಬಂದವಳೇ ದಾರಿಯ ಸುದ್ದಿ ಹೇಳತೊಡಗಿದಳು, ಮೊದಲು ಮನೆಯ ಸುದ್ದಿ ಹೇಳುತ್ತಿದ್ದಂತೆಯೇ ನನ್ನ ಬೆನ್ನಿಗೆ. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರು ಎರಡನೇ ನಾಟಿ ಶುರುಮಾಡಿದ್ದು, ಗದ್ದೆಯಲ್ಲಿ ಬೆಳ್ಳಕ್ಕಿ ಕುಳಿತದ್ದು, ತೂಬಿನ ಹತ್ತಿರದ ಮುದುಕಿ ಕರೆದು ಕಡಲೆಗಿಡ ಕೊಟ್ಟದ್ದು. ಆ ಮುದುಕಿ ಹನ್ನೆರಡು ವರ್ಷದಲ್ಲಿ ನನಗೆ ಒಂದು ಕಾಳು ಕೊಟ್ಟವಳಲ್ಲ! ಮಹಾನಂದಾಳ ದನಿ ಬೇರೆಯಾಗಿತ್ತು. ಮದುವೆಯಾದ ಹೊಸತಿನಲ್ಲಿ ಇದ್ದಂಥ ದನಿ. ಮುಖ ನೋಡದಿದ್ದರೂ ಅವಳು ಕಪ್ಪಗಾಗಿದ್ದಾಳೆ, ಚೆಂದವಾಗಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಅವಳು ದುಃಖದಿಂದ ಸೈಕಲ್ ತುಳಿಯಬೇಕಿತ್ತು. ಅವಳು ಸುಖಪಡುತ್ತಿದ್ದಳು. ಇದನ್ನು ಹೇಗೆ ಕ್ಷಮಿಸುವುದು?

ಒಂದು ಸಂಜೆ ಅವ್ವನಿಗೆ ಹೇಳುತ್ತಿದ್ದಳು: "ಅತ್ತಿ, ಇವತ್ತು ದೊಡ್ಡಿ ಹಿಂದಿನ ಹಳ್ಳ ದಾಟಿ ಹೋದೆ. ಅಲ್ಲೊಂದು ಹಳೀ ಬಂಡಿದಾರಿ ಐತಿ, ಕಲ್ಲು ಹಾಸ್ಯಾರ. ಸೀದಾ ರಾಜನಕೋಳೂರಿನ ಕಲ್ಲುಮನಿ ಹಿಂದ ಹೋಗಿ ಹತ್ತತೈತಿ. ಒಂದು ನರಪಿಳ್ಳೆ ಇಲ್ಲ. ಬೇವಿನ ಗಿಡ, ತಂಪಂದ್ರ ತಂಪು."

ಹಳ್ಳದ ಆಚೆ ದಾರಿಯೇ ಇಲ್ಲವೆಂದು ನಾನು ಹನ್ನೆರಡು ವರ್ಷ ನಂಬಿದ್ದೆ. ಊರಿಗೆಲ್ಲ ಹೇಳಿದ್ದೆ ಕೂಡ. ಮೂರು ವಾರದ ಸೈಕಲ್ ಸವಾರಿಯಲ್ಲಿ ಅವಳಿಗೆ ಸಿಕ್ಕ ದಾರಿ ನನಗೆ ಯಾಕೆ ಸಿಗಲಿಲ್ಲ? ನಾನು ಎದ್ದು ಅದನ್ನು ತುಳಿಯುವುದು ಇನ್ನು ಆಗದ ಮಾತು. ಆಗದಿದ್ದರೆ ಯಾವುದೂ ಬೇಡ ಎನ್ನಿಸಿತು. ಅಂದಿನಿಂದ ಗುಳಿಗೆಯನ್ನು ಬಾಯಲ್ಲಿ ಇಟ್ಟುಕೊಂಡು, ಅವ್ವ ಅತ್ತ ಹೋದ ಮೇಲೆ ತೆಗೆದು ಹಾಸಿಗೆಯ ಕೆಳಗೆ ತುರುಕತೊಡಗಿದೆ. ಕಾಲು ಬೀಳುವುದಾದರೆ ಬೀಳಲಿ, ಜೀವ ಹೋಗುವುದಾದರೆ ಹೋಗಲಿ ಎಂಬ ಹಟ.

ಒಂಬತ್ತನೆಯ ದಿನ ಹಾಸಿಗೆ ಕೊಡವಲು ಬಂದ ಮಹಾನಂದಾಳ ಕೈಗೆ ಅವೆಲ್ಲ ಸಿಕ್ಕವು. ಅವಳು ಬೈಯಬಹುದು, ಅಳಬಹುದು ಎಂದು ಕಾದೆ. ಎರಡೂ ಮಾಡಲಿಲ್ಲ. ಒಂದೊಂದಾಗಿ ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಮರುದಿನ ಅಮಾವಾಸ್ಯೆ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒಂದು ಕಾಯಿ ಚೀಲದಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದಳು.

"ಕೊಡೇಕಲ್ಲಿನ ಗುಡಿಗೆ ಹೋಗಿ ಹರಕಿ ಹೊತ್ತು ಬರ್ತೀನ್ರಿ, ನಿಮ್ಮ ಹೆಸರಲೆ. ಯಾವ ದಾರಿ ಹಿಡೀಲಿ? ಡಾಂಬರ್ ರಸ್ತೆಗೆ ಲಾರಿ ಕಾಟ. ಕಾಲುವಿ ದಂಡಿ ಒಣಗೈತೇನು?"

ಗೋಡೆಯನ್ನು ನೋಡುತ್ತಲೇ ಬೆರಳು ಮಡಚಿದೆ. ಹಲಗೆಯ ಮೇಲೆ ಬಿದ್ದಿದ್ದರೂ ವಾರಾಬಂದಿಯ ಲೆಕ್ಕ ನನ್ನ ತಲೆಯಿಂದ ಹೋಗಿರಲಿಲ್ಲ. ನೀರು ಬಿಟ್ಟು ಒಂದೇ ರಾತ್ರಿಯಾಗಿತ್ತು. ಐದನೆಯ ತೂಬಿನ ತಗ್ಗು ಹೇಗಿರುತ್ತದೆ ಎಂದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಅಲ್ಲಿ ಅವಳ ಚಕ್ರ ಸಿಕ್ಕಿಬೀಳಲಿ, ಅವಳೂ ಒಮ್ಮೆ ಸೈಕಲ್ ಹೊತ್ತು ನೋಡಲಿ, ದಾರಿ ಎಂದರೆ ಬೇವಿನ ನೆರಳು ಮಾತ್ರವಲ್ಲ ಎಂದು ಗೊತ್ತಾಗಲಿ. ಒಂದು ತಿಂಗಳಿಗೂ ಮೇಲಾದ ನಂತರ ನಾನು ಆಡಿದ ಮೊದಲ ಪೂರ್ತಿ ಮಾತು ಇದು:

"ದಂಡಿಗುಂಟ ಹೋಗು. ಒಣಗೈತಿ."

ಅಂಗಳದಲ್ಲಿ ಸ್ಟ್ಯಾಂಡು ಒದ್ದ ಸದ್ದು ಕೇಳಿತು, ಅವಳು ಹೊರಟುಹೋದಳು.

ಮಧ್ಯಾಹ್ನದವರೆಗೆ ನನಗೆ ಒಂಥರಾ ಖುಷಿಯಿತ್ತು. ಸುಳ್ಳು ಹೇಳುವುದೇಕೆ. ಎರಡು ಗಂಟೆಯಾಯಿತು, ಅವಳು ಬರಬೇಕಿತ್ತು. ಮೂರಾಯಿತು. ಆಗ ಮೊದಲ ಸಲ ತಗ್ಗಿನ ಇನ್ನೊಂದು ಮಗ್ಗುಲು ನೆನಪಾಯಿತು, ತುಂಬಿ ಹರಿಯುವ ಕಾಲುವೆಯ ಮಗ್ಗುಲು. ಅವಳಿಗೆ ಈಜು ಬಾರದು. ಅಲ್ಲಿ ಕಾಲು ಜಾರಿದ ಎಮ್ಮೆಯೊಂದನ್ನು ಎರಡು ತೂಬು ಕೆಳಗೆ ಎಳೆದು ತೆಗೆದದ್ದನ್ನು ಕಣ್ಣಾರೆ ಕಂಡವನು ನಾನು. 

"ಅವ್ವಾ, ಮೈಬೂಬನ ಕರಿ! ಐದನೇ ತೂಬಿಗೆ ಓಡಂತ ಹೇಳು!"

ಅವ್ವ ಗಾಬರಿಯಾಗಿ ಓಡಿದಳು. ಮೈಬೂಬ ಮನೆಯಲ್ಲಿರಲಿಲ್ಲ. ವಾಪಸ್ಸು ಬಂದು ನೋಡಿದರೆ ನಾನು ಈ ಕಡೆ ಹೊರಳಿ, ಬಾಗಿಲ ಚೌಕಟ್ಟು ಹಿಡಿದು ಏಳಲು ಒದ್ದಾಡುತ್ತಿದ್ದೆ. "ಏಳಬ್ಯಾಡೋ ಭೀಮ್ಯಾ, ಬೆನ್ನು ಮುರಿತೈತಿ" ಎಂದು ಎರಡೂ ಭುಜ ಒತ್ತಿ ಹಿಡಿದಳು. ಮುದುಕಿಯ ಕೈ ಬಿಡಿಸಿಕೊಳ್ಳುವ ಶಕ್ತಿಯೂ ನನ್ನಲ್ಲಿರಲಿಲ್ಲ. ಮಲಗಿಕೊಂಡೇ ಅಂಗಳ ನೋಡಿದೆ. ಬೇಡಿಕೊಂಡೆ. ದಾರಿಯೆಲ್ಲ ಅವಳಿಗೇ ಇರಲಿ, ಸೈಕಲ್ಲೂ ಅವಳಿಗೇ ಇರಲಿ, ಅವಳು ಬಂದರೆ ಸಾಕು ಎಂದು.

ಹೊತ್ತು ಮುಳುಗುವ ಮುಂಚೆ ಬಂದಳು. ಸೈಕಲ್ ತಳ್ಳಿಕೊಂಡು ಬಂದಳು. ಮೊಣಕಾಲವರೆಗೆ ಎರೆಮಣ್ಣಿನ ಕೆಸರು, ಸೀರೆಯ ಮುಂದೆಲ್ಲ ಕೆಸರು, ಕೆನ್ನೆಯ ಮೇಲೂ ಒಂದು ಗೆರೆ. ಚಕ್ರ ತಿರುಗದಷ್ಟು ಮಣ್ಣು ತುಂಬಿತ್ತು. ತೊಳೆದುಕೊಳ್ಳದೆ ನೇರ ಬಂದು ನನ್ನ ಹಲಗೆಯ ಹತ್ತಿರ ಕುಳಿತು ನನ್ನ ಮುಖವನ್ನೇ ನೋಡಿದಳು.

"ನೀವು ಹೇಳಿದಂಗ, ದಾರಿ ಒಣಗಿತ್ತರಿ" ಎಂದಳು.

ನನಗೆ ಅಳು ಬಂತು. ಹೆಂಗಸರ ಮುಂದೆ, ಮಗಳ ಮುಂದೆ, ದನಿ ತೆಗೆದು ಅತ್ತೆ. ಜ್ವರದಲ್ಲಿ ದಿನದ ಲೆಕ್ಕ ತಪ್ಪಿತು ಎಂದೇನೋ ಬಡಬಡಿಸಿದೆ, ನಿಜ ಹೇಳುವ ಧೈರ್ಯ ಬರಲಿಲ್ಲ. ಅವಳು ಎದ್ದು ಹೋಗಿ ಗುಳಿಗೆಯ ಡಬ್ಬಿ ತಂದಳು. ಅವಳ ಕೆಸರುಗೈಯಿಂದಲೇ ಗುಳಿಗೆ ತೆಗೆದುಕೊಂಡು ನುಂಗಿದೆ. ಬಾಯಿ ತೆರೆದು ತೋರಿಸಿದೆ. ಅವತ್ತಿನಿಂದ ಒಂದೂವರೆ ವರ್ಷ ಒಂದು ಗುಳಿಗೆಯನ್ನೂ ತಪ್ಪಿಸಲಿಲ್ಲ.

ಗೋಡೆಯ ಕಡೆ ಹೊರಳುವುದೂ ನಿಂತಿತು. ದಿನಾ ಸಂಜೆ ಅವಳು ಬಂದರೆ ನಾನೇ ಕೇಳುತ್ತಿದ್ದೆ. ಹಳೆಯ ಗೇಜ್ ಹಾಳೆಗಳ ಹಿಂಬದಿಯಲ್ಲಿ, ಮಲಗಿಕೊಂಡೇ, ಎಲ್ಲ ದಾರಿ ಬರೆದೆ: ಯಾವ ಬಂಡಿದಾರಿ ಯಾವ ತಿಂಗಳು ಚೆನ್ನ, ಎಲ್ಲಿ ಕುಡಿಯುವ ನೀರಿದೆ, ಎಲ್ಲಿ ನಾಯಿ ಬೆನ್ನಟ್ಟುತ್ತದೆ. ಅವಳು ತಿದ್ದುತ್ತಿದ್ದಳು. "ಆ ನಾಯಿ ಸತ್ತೈತ್ರಿ" ಎನ್ನುತ್ತಿದ್ದಳು. ಹೊಟ್ಟೆ ಉರಿಯುತ್ತಿತ್ತು, ಆದರೂ ತಿದ್ದಿಕೊಳ್ಳುತ್ತಿದ್ದೆ. ಮೂರು ತಿಂಗಳಿಗೆ ಬೆನ್ನಿಗೆ ಪಟ್ಟಾ ಕಟ್ಟಿಕೊಂಡು ನಿಂತೆ. ಮೊದಲ ದಿನ ಅಂಗಳದವರೆಗೆ, ಮರುವಾರ ಅಗಸಿಯವರೆಗೆ. ನಡೆಯುವ ನನ್ನನ್ನು ನೋಡಿ ಎದುರು ಮನೆಯ ಮಂಡಿನೋವಿನ ಯಜಮಾನರು ನಿಟ್ಟುಸಿರು ಬಿಟ್ಟರು. ಅವರ ಕಣ್ಣಲ್ಲಿದ್ದದ್ದು ನನಗೆ ಚೆನ್ನಾಗಿ ಪರಿಚಯವಿತ್ತು, ಹತ್ತಿರ ಹೋಗಿ ಕುಳಿತು ಮಾತಾಡಿಸಿದೆ.

ಗುಳಿಗೆ ಮುಗಿದ ಮೇಲೆ ರಾಯಚೂರಿನ ಡಾಕ್ಟರು ಹೊಸ ಎಕ್ಸ್-ರೇ ನೋಡಿ, "ಸಮ ದಾರಿಯಾಗ ಸಾವಕಾಶ ಹೊಡಿರಿ" ಎಂದರು. ಕಂಬಿ ಇಳಿಸಿದ ಸೈಕಲ್ ಅವಳದಾಗಿಹೋಗಿತ್ತು. ಕೇಳಲು ಮನಸ್ಸಾಗಲಿಲ್ಲ. ಇನ್ನೊಂದು ಹಳೆಯದನ್ನು ಕೊಂಡೆ. ಕಾಲುವೆ ಬಂದ್ ಇದ್ದ ಒಂದು ಭಾನುವಾರ ಇಬ್ಬರೂ ದಂಡೆ ಹಿಡಿದು ಹೊರಟೆವು. ದಾರಿಯುದ್ದಕ್ಕೂ ಜನ "ಟೀಚರಮ್ಮ, ಎಲ್ಲಿಗೆ ಹೊಂಟ್ರಿ?" ಎಂದು ಅವಳನ್ನೇ ಮಾತಾಡಿಸಿದರು. ಒಬ್ಬರು ನನ್ನನ್ನು ತೋರಿಸಿ, "ಇವರು ಯಾರು?" ಎಂದೂ ಕೇಳಿದರು. ಐದನೆಯ ತೂಬಿನ ತಗ್ಗಿಗೆ ಬರುವಷ್ಟರಲ್ಲಿ ನನಗೆ ಏದುಸಿರು. ಇಳಿದು ಕಟ್ಟೆಯ ಮೇಲೆ ಕುಳಿತೆವು. ಎರಡು ವರ್ಷದಿಂದ ಎದೆಯಲ್ಲಿ ಕುಳಿತಿದ್ದ ಮಾತನ್ನು ಇನ್ನು ಇಟ್ಟುಕೊಳ್ಳಲು ಆಗಲಿಲ್ಲ.

"ಅವತ್ತು ನನಗ ಲೆಕ್ಕ ತಪ್ಪಿರಲಿಲ್ಲ. ನೀರು ಬಿಟ್ಟದ್ದು ಗೊತ್ತಿತ್ತು. ಬೇಕಂತ ಹೇಳಿದೆ."

ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ನನಗೂ ಗೊತ್ತಿತ್ತು" ಎಂದಳು. "ಅವತ್ತು ಮುಂಜಾನಿ ನಳದ ಹತ್ರ ಮೈಬೂಬ ಹೇಳಿದ್ದ. ನೀರು ಬಿಟ್ಟಾರ ವೈನಿ, ದಂಡಿಗುಂಟ ಹೋಗಬ್ಯಾಡ್ರಿ ಅಂತ."

"ಮತ್ತ ನನ್ನ ಯಾಕ ಕೇಳಿದಿ?"

"ದಾರಿ ಕೇಳಿದ್ರನರ ಬಾಯಿ ಬಿಡ್ತೀರೇನೋ ಅಂತ ಕೇಳಿದೆ."

"ಗೊತ್ತಿದ್ದೂ ಈ ದಾರಿಗೆ ಬಂದಿ?"

"ನನಗೇನು ಹುಚ್ಚೇನ್ರಿ? ಡಾಂಬರ್ ರಸ್ತೆಗುಂಟ ಹೋಗಿ ಬಂದೆ. ಊರ ಹತ್ರ ಬಂದು, ಗದ್ದಿ ಒಡ್ಡಿನ ಮ್ಯಾಲ ಸೈಕಲ್ ಕೆಡವಿ, ಎರಡೂ ಕೈಲೆ ಕೆಸರು ಬಳದೆ. ಅದಕ್ಕ ಹೊತ್ತಾತು. ಮಡಗಾರ್ಡಿನ್ಯಾಗ ತುಂಬೂದು ಭಾಳ ತ್ರಾಸು. ಸಿಟ್ಟು ಬಂದಿತ್ತು ನನಗ, ನಿಮ್ಮ ಮೋತಿ ನೋಡಬೇಕಾಗಿತ್ತು."

 ಎರಡು ವರ್ಷ ಆ ಕೆಸರು ನನ್ನ ನಿದ್ದೆ ಕೆಡಿಸಿತ್ತು. ಕೊನೆಗೆ ಏನೋ ಒಂದು ಕೇಳಬೇಕೆಂದು ಕೇಳಿದೆ: "ಆ ಹರಕಿ ಏನಂತ ಹೊತ್ತಿದ್ದಿ? ತೀರಿಸಬೇಕಲ್ಲ, ಈಗ ಆರಾಮಾಗೀನಿ."

"ಹೊತ್ತೇ ಇಲ್ಲ" ಎಂದಳು. "ಗಂಡ ಬದುಕಲಿ ಅಂತ ಬೇಡಾಕ ಹೊಂಟಿದ್ದೆ. ಗುಳಿಗಿ ಉಗುಳಿ ಸಾಯಾಕ ಮಲಗ್ಯಾನ ಅಂತ ತಿಳಿದಿದ್ದೆ. ಗುಡಿ ಮುಂದ ನಿಂತು ಇಚಾರ ಮಾಡಿದೆ. ಹೆಂಡ್ತಿ ಸೈಕಲ್ ಹೊಡಿತಾಳಂತ ಅಕಿನ್ನ ಕೆಸರಿನ್ಯಾಗ ಕೆಡವಾಕ ನೋಡೋ ಮನಶ್ಯಾ ಎಲ್ಲಿ ಸಾಯ್ತಾನ? ಬರೇ ಕಾಯಿ ಒಡಿಸ್ಕೊಂಡು ಬಂದೆ."

ಅಷ್ಟು ಹೇಳಿ ಅವಳು ಸೈಕಲ್ ಹತ್ತಿದಳು. ನಾನೂ ಹತ್ತಿ ಹಿಂದೆ ಹೋದೆ. ಎಷ್ಟು ತುಳಿದರೂ ಸಿಗಲಿಲ್ಲ. ಚೆನ್ನಾಗಿಯೇ ಹೊಟ್ಟೆ ಉರಿಯಿತು.